ಎರಡನೇ ಕೀಪರ್

ಡಿಸೆಂಬರಿನಲ್ಲಿ ಅಂಗಿ ಹಂಚಿದರು.
ಒಂದನೇ ನಂಬರು ಕಟಕದ ಸುಲೋಚನಾಳಿಗೆ,
ನನಗೆ ಮೂವತ್ತೊಂದು. ತೋಳು ಉದ್ದ,
ಬೆನ್ನ ಮೇಲೆ ಮಾದಲಾಂಬಿಕೆ ಎನ್ನುವಲ್ಲಿ
ಒಂದಕ್ಷರ ನುಂಗಿಹೋಗಿತ್ತು.
ಹೋಗಲಿ ಅಂದೆ. ಬೆಂಚಿಗೆ ಒರಗಿದ ಬೆನ್ನನ್ನು
ಓದುವವರು ಯಾರು?

ವಿಜಯನಗರ ಎರಡನೇ ಹಂತದ ಬಾಡಿಗೆ ಮನೆಯಲ್ಲಿ
ಇಪ್ಪತ್ತಾರು ಹುಡುಗಿಯರು, ಮೂರು ಬಚ್ಚಲು.
ಇಂಫಾಲದ ಲಿಂತೋಯ್ ಮುದ್ದೆಯನ್ನು ಅಗಿದು ಅಗಿದು
ಕಣ್ಣಲ್ಲಿ ನೀರು ತಂದುಕೊಂಡ ರಾತ್ರಿ
"ನುಂಗೇ, ಅಗೀಬ್ಯಾಡ" ಎಂದು ಕೂಗಿದ್ದೇ
ಇಡೀ ಸೀಸನ್ನಿನಲ್ಲಿ
ನಾನು ಯಾರಿಗಾದರೂ ಹೇಳಿಕೊಟ್ಟದ್ದು.

ಬೆಳಿಗ್ಗೆ ಆರಕ್ಕೆ ಇಬ್ಬನಿಯಲ್ಲಿ ತೊಯ್ದ ಚೆಂಡು
ಕಟ್ಟೆಕೆರೆಯ ಮೀನಿನಂತೆ ಜಾರುತ್ತಿತ್ತು.
ಸುಲೋಚನಾಳ ಕೈ ಬಿಸಿ ಮಾಡುವುದು ನನ್ನ ಕೆಲಸ.
ಎಡಕ್ಕೆ ಹತ್ತು, ಬಲಕ್ಕೆ ಹತ್ತು,
ನೆಲ ಸವರಿಕೊಂಡು ಹೋಗುವಂತೆ ಹತ್ತು.
ಗೋಲು ತಡೆಯಲು ಬಂದವಳು
ಲೀಗಿನಲ್ಲೇ ಅತಿ ಹೆಚ್ಚು ಗೋಲಿಗೆ ಒದ್ದವಳಾದೆ.
ಒಂದೂ ಲೆಕ್ಕಕ್ಕಿಲ್ಲ.

ಅಪ್ಪ ಮಂಡ್ಯದಲ್ಲಿ ಲೈನ್‌ಮ್ಯಾನು.
ಮ್ಯಾಚಿನ ರಾತ್ರಿ ತಪ್ಪದೆ ಫೋನು.
"ಆಡಿದ್ಯಾ ಮಗಾ?"
"ಇಲ್ಲ ಕಣಪ್ಪ."
"ಬುಡು. ಸಬ್‌ಸ್ಟೇಷನ್ನಲ್ಲಿ ಎರಡ್ನೇ ಟ್ರಾನ್ಸ್‌ಫಾರ್ಮರ್ ಇರ್ತದಲ್ಲ,
ಅದೇನು ಸುಮ್ಕೆ ಕುಂತಿರ್ತದಾ?
ಕಿವಿ ಕೊಟ್ ಕೇಳು, ಗುಂಯ್ ಅಂತಿರ್ತದೆ."

ಅಂದಿನಿಂದ ಬೆಂಚಿನ ಮೇಲೆ
ಗುಂಯ್ ಅನ್ನುತ್ತ ಕೂತೆ.
ಫ್ರೀ ಕಿಕ್ಕಿಗೆ ಮುಂಚೆ ದೇಚಮ್ಮ
ಎಡಗಾಲಿನ ಸಾಕ್ಸು ಎಳೆದುಕೊಳ್ಳುವುದು,
ಹೆದರಿದಾಗ ಮಾತ್ರ ಸುಲೋಚನಾ
ಗೋಲುಕಂಬವನ್ನು ಎರಡು ಸಲ ತಟ್ಟುವುದು,
ಇವೆಲ್ಲ ಬೆಂಚಿಗಷ್ಟೇ ಗೊತ್ತು.
ಸ್ಟ್ಯಾಂಡಿನಲ್ಲಿ ಎಂಬತ್ತು ಜನ;
ಅರ್ಧ ಕಾಲೇಜಿನ ಹುಡುಗಿಯರು,
ಇನ್ನರ್ಧ ವಾಕಿಂಗ್ ಮುಗಿಸಿ ಕೂತ ಪಿಂಚಣಿದಾರರು.
ಮಂಕಿಟೋಪಿಯವರೊಬ್ಬರು ಪ್ರತಿ ಸಲವೂ ಕೇಳುವರು:
"ಯಾಕಮ್ಮಾ, ಇವತ್ತೂ ಹುಷಾರಿಲ್ವೇ?"

ಜನವರಿಯಲ್ಲಿ ಕೋಲ್ಕತ್ತದವರು ಬಂದು
ನಾಲ್ಕು ಹೊಡೆದು ಹೋದರು.
ಫೆಬ್ರವರಿಯೆಲ್ಲ ರೈಲು.
ಮೂವತ್ತೆಂಟು ಗಂಟೆ ಹೋಗುವುದಕ್ಕೆ,
ತೊಂಬತ್ತು ನಿಮಿಷ ಬೆಂಚು,
ಮೂವತ್ತೆಂಟು ಗಂಟೆ ಬರುವುದಕ್ಕೆ.
ಮಾರ್ಚಿನಲ್ಲಿ ಒಂದು ಗೆಲುವು,
ಅದೂ ಅವರ ಹುಡುಗಿಯ ಮೊಣಕಾಲಿನ ದಯೆ.
ಆದರೇನು, ಅಗ್ರಹಾರದಲ್ಲಿ ಆ ರಾತ್ರಿ
ತಲೆಗೆ ನಾಲ್ಕು ಬೆಣ್ಣೆ ದೋಸೆ.

ಏಪ್ರಿಲ್. ಹದಿನಾಲ್ಕನೇ ಮ್ಯಾಚು, ಕೊನೆಯದು.
ಸೊನ್ನೆಗೆ ಎರಡರಲ್ಲಿ ಸೋಲುತ್ತಿದ್ದೆವು.
ಎಪ್ಪತ್ತೊಂಬತ್ತನೇ ನಿಮಿಷಕ್ಕೆ ಸುಲೋಚನಾಳ ಕಿರುಬೆರಳು
ತಿರುಗಬಾರದ ಕಡೆ ತಿರುಗಿತು.
ಕೋಚ್ ನನ್ನ ಹೆಸರು ಕೂಗಿದರು,
ಅಂಗಿಯ ಮೇಲಿದ್ದ ಹಾಗೆಯೇ, ಒಂದಕ್ಷರ ಬಿಟ್ಟು.

ಹನ್ನೊಂದು ನಿಮಿಷ.
ಚೆಂಡು ನನ್ನ ಕಡೆ ಬಂದದ್ದು ಮೂರು ಸಲ.
ಒಂದು, ದೇಚಮ್ಮ ಹೆದರಬೇಡವೆಂದು ಹಿಂದಕ್ಕೆ ತಳ್ಳಿದ್ದು.
ಇನ್ನೊಂದು ಕಾರ್ನರು. ಗುದ್ದಿದೆ;
ಚೆಂಡಿನ ಜೊತೆ ನಮ್ಮವಳದೇ ತಲೆಗೂ ತಾಗಿತು.
ಮೂರನೆಯದು ಬೆರಳ ತುದಿ ಸವರಿ, ಕಂಬಕ್ಕೆ ಬಡಿದು,
ಗೆರೆಯ ಮೇಲೆ ಚಣ ಹೊತ್ತು ಯೋಚಿಸಿ
ನನ್ನ ಹೊಟ್ಟೆಯಡಿಗೆ ಬಂತು.
ಎರಡು ಮೂರಾಗಲಿಲ್ಲ, ಅಷ್ಟೇ.
ಬಾಯಿಗೆ ಹುಲ್ಲು ಹೋಗಿತ್ತು. ಉಗಿಯಲಿಲ್ಲ.

ಅದೇ ಹೊತ್ತಿಗೆ ಅಪ್ಪ
ಗುತ್ತಲು ರಸ್ತೆಯಲ್ಲಿ ಕಂಬದ ಮೇಲಿದ್ದನಂತೆ;
ಗಾಳಿಗೆ ತೆಂಗಿನ ಗರಿ ತಂತಿಗೆ ಬಿದ್ದು.
ಫೋನು ಬಂದಾಗ ಹತ್ತೂವರೆ.
"ಆಡಿದ್ಯಾ ಮಗಾ?"
"ಹೂಂ ಕಣಪ್ಪ. ಹನ್ನೊಂದ್ ನಿಮ್ಸ."
ಆ ಕಡೆ ಬರೀ ಮಳೆ.
ಆಮೇಲೆ,
"ಕರೆಂಟು ಹೋಯ್ತಾ?"
"ಇಲ್ಲ. ಒಂದ್ಸಲ ಮಿಣುಕ್ತು."

ಎಂಟು ತಂಡಗಳಲ್ಲಿ ನಾವು ಏಳನೆಯವರು.
ಮುಂದಿನ ವರ್ಷದ ಕಾಗದ ಯಾರಿಗೂ ಬಂದಿಲ್ಲ.
ಮನೆ ಖಾಲಿ ಮಾಡುವ ದಿನ ಲಿಂತೋಯ್
ಎರಡು ಕೆಜಿ ರಾಗಿ ಹಿಟ್ಟು ಕಟ್ಟಿಸಿಕೊಂಡು ಹೋದಳು.
ಇಂಫಾಲದಲ್ಲಿ ಅವರಮ್ಮ
ಅಗಿಯುತ್ತಾರೋ, ನುಂಗುತ್ತಾರೋ.